ಬಂಡೆಯ ಮೇಲೆ ಬಿಳಿ ಗೆರೆ ಹುಡುಕಿ

ಯಾಣದ ಕರಿಬಂಡೆಗೆ ಜೋತುಬಿದ್ದ ಹೆಜ್ಜೇನನ್ನು ಕತ್ತೆತ್ತಿ ನೋಡಿದ ಶಿರಸಿ, ಸಿದ್ದಾಪುರ, ಯಲ್ಲಾಪುರದವರಿಗೆ ಕಡಿದಾದ ಬಂಡೆ ಹೊಸತಲ್ಲ. ಮಂಗಟ್ಟೆಯ ಬಾಣಂತನವೂ ಗೊತ್ತು: ಹೆಣ್ಣು ಮರದ ಪೊಟರೆಯಲ್ಲಿ ಬಾಗಿಲು ಮುಚ್ಚಿಕೊಂಡು ಕೂರುತ್ತದೆ, ಗಂಡು ಸಂದಿಯಲ್ಲಿ ಹಣ್ಣು ತೂರಿಸುತ್ತದೆ. ಒಳಗೆ ಮರಿ ಬೆಳೆಯುವುದು ಮಾತ್ರ ಕಾಣದು. ಉದ್ದ ಕೊಕ್ಕಿನ ರಣಹದ್ದು ಹಾಗಲ್ಲ, ಬಂಡೆಯ ಚಾಚಿನ ಮೇಲೆ ಬಯಲಿನಲ್ಲೇ ಮರಿ ಸಾಕುತ್ತದೆ. ಅದನ್ನು ನೋಡಲು ಘಟ್ಟ ಬಿಟ್ಟು ರಾಮನಗರಕ್ಕೆ ಹೋಗಬೇಕು.

ಬೆಂಗಳೂರಿನಿಂದ ಮೈಸೂರು ದಾರಿಯಲ್ಲಿ ಸುಮಾರು 50 ಕಿ.ಮೀ. ಹೋದರೆ ರಾಮನಗರ. ಅಲ್ಲಿನ ರಾಮದೇವರ ಬೆಟ್ಟದ ಸುಮಾರು 346 ಹೆಕ್ಟೇರ್ ಜಾಗ 2012ರಲ್ಲಿ ರಣಹದ್ದು ವನ್ಯಧಾಮವಾಯಿತು. ದೇಶದಲ್ಲಿ ಇಂಥದ್ದು ಅದೇ ಮೊದಲು. ಬರುವವರಲ್ಲಿ ‘ಶೋಲೆ’ ಚಿತ್ರದ ಬಂಡೆ ಹುಡುಕುವವರೇ ಜಾಸ್ತಿ. ಹದ್ದು ಹುಡುಕುವವರಿಗೆ ಅದರಿಂದ ಅಡ್ಡಿಯಿಲ್ಲ, ಗಲಾಟೆ ಮಾಡದಿದ್ದರೆ ಸರಿ.

ಮೊದಲು ಹುಡುಕಬೇಕಾದದ್ದು ಹಕ್ಕಿಯನ್ನಲ್ಲ, ಹಿಕ್ಕೆಯನ್ನು. ವರ್ಷಾನುವರ್ಷ ಒಂದೇ ಚಾಚಿನಲ್ಲಿ ಕೂತು ಹಾಕಿದ ಹಿಕ್ಕೆ ಸುಣ್ಣ ಸುರಿದಂತೆ ಬಂಡೆಯ ಮೇಲೆ ಇಳಿದಿರುತ್ತದೆ. ಬರಿಗಣ್ಣಿಗೆ ಕಾಣುವ ಆ ಬಿಳಿ ಗೆರೆಯ ತುದಿಗೆ ದುರ್ಬೀನು ಹಿಡಿಯಿರಿ. ಕಡ್ಡಿ, ಸೊಪ್ಪು ಒಟ್ಟಿದ ಗೂಡು ಅಲ್ಲಿರಬಹುದು. ಹಳೆಯ ಗೆರೆ ಮಾತ್ರ ಉಳಿದು ಹಕ್ಕಿ ಇಲ್ಲದ ಚಾಚುಗಳೂ ಇವೆ.

ನವೆಂಬರ್‌ನಿಂದ ಜನವರಿಯೊಳಗೆ ಮೊಟ್ಟೆ, ಒಂದೇ ಒಂದು. ಗಂಡು ಹೆಣ್ಣು ಎರಡೂ ಸರದಿಯಲ್ಲಿ ಸುಮಾರು 50 ದಿನ ಕಾವು ಕೊಡುತ್ತವೆ. ಆಗ ನೋಡಲು ಹೋದರೆ ಗೂಡಿನ ಮೇಲೆ ಚಪ್ಪಟೆಯಾಗಿ ಒರಗಿದ ಬೆನ್ನಷ್ಟೇ ಕಾಣುತ್ತದೆ, ಬೇಸರ ಬರುವುದು ಸಹಜ. ನನ್ನನ್ನು ಕೇಳಿದರೆ ಫೆಬ್ರವರಿ, ಮಾರ್ಚ್ ವಾಸಿ. ನಯವಾದ ಬಿಳಿ ತುಪ್ಪಳದ ಮರಿ ಆ ಹೊತ್ತಿಗೆ ತಲೆ ಎತ್ತುತ್ತಿರುತ್ತದೆ. ಮುಂದೆ ಕಂದು ಗರಿ ಮೂಡುತ್ತದೆ, ರೆಕ್ಕೆ ಬಡಿದು ಅಭ್ಯಾಸ ಶುರುವಾಗುತ್ತದೆ. ಗೂಡು ಬಿಡಲು ಮೂರರಿಂದ ಮೂರೂವರೆ ತಿಂಗಳು.

ಬೆಳಗಾಗುವ ಮೊದಲೇ ಹೋಗಿ ಕಾಯಬೇಕಾಗಿಲ್ಲ. ಎರಡು ಮೀಟರ್ ಮೀರಿದ ರೆಕ್ಕೆಯ, ಐದಾರು ಕಿಲೋ ತೂಕದ ಹಕ್ಕಿ ರೆಕ್ಕೆ ಬಡಿದೇ ದೂರ ಹೋಗಲಾರದು. ಬಿಸಿಲೇರಿ ಬಂಡೆ ಕಾದು, ಬಿಸಿಗಾಳಿ ಮೇಲೇಳಬೇಕು. ಒಂಬತ್ತು ಹತ್ತರ ಹೊತ್ತಿಗೆ ಅದು ಚಾಚಿನಿಂದ ಜಾರಿ, ಸುತ್ತು ಹಾಕುತ್ತ ಏರುತ್ತದೆ. ಮರಳಿ ಬಂದಾಗ ಕೊರಳ ಬುಡ ನೋಡಿ. ಅಲ್ಲಿನ ಚೀಲ ಉಬ್ಬಿದ್ದರೆ ಎಲ್ಲೋ ಊಟ ಸಿಕ್ಕಿದೆ ಎಂದರ್ಥ. ಕಾಲುಗಳಿಗೆ ಗಿಡುಗದ ಹಿಡಿತವಿಲ್ಲ, ಹಾಗಾಗಿ ಮಾಂಸ ಎತ್ತಿ ತರುವುದಿಲ್ಲ. ನುಂಗಿ ತಂದದ್ದನ್ನು ಕಕ್ಕಿ ಮರಿಗೆ ಉಣಿಸುತ್ತದೆ.

ದೂರದಲ್ಲೇ ನಿಲ್ಲಿ. ಸ್ಪಾಟಿಂಗ್ ಸ್ಕೋಪ್ ಇದ್ದವರ ಜೊತೆ ಹೋದರೆ ಉತ್ತಮ. ಡ್ರೋನ್ ಹಾರಿಸುವುದು, ಗೂಡಿನ ಬಂಡೆ ಹತ್ತುವುದು ಬೇಡವೇ ಬೇಡ. ದೊಡ್ಡದು ಗಾಬರಿಯಿಂದ ಎದ್ದರೆ ಮೊಟ್ಟೆ ಬಿಸಿಲಿಗೆ ಬೀಳುತ್ತದೆ. ಆ ಜೋಡಿಯ ವರ್ಷವೇ ಹೋಯಿತು. ಮರಿ ದೊಡ್ಡದಾಗಿ ತಾನು ಮೊಟ್ಟೆಯಿಡಲು ಐದಾರು ವರ್ಷ ಬೇಕು. ಇಷ್ಟು ನಿಧಾನಕ್ಕೆ ಹೆಚ್ಚುವ ಹಕ್ಕಿಯಲ್ಲಿ ಬೆಳೆದ ಒಂದು ಸತ್ತರೂ ನಷ್ಟ ಬೇಗ ತುಂಬುವುದಿಲ್ಲ. ರಾಮನಗರದಲ್ಲಿ ಈಗ ಉಳಿದಿರುವುದು ಬೆರಳೆಣಿಕೆಯಷ್ಟು. ಹೋದ ದಿನ ಒಂದೂ ಕಾಣದೆ ಇಳಿದು ಬರುವುದೂ ಉಂಟು.

ಇವನ್ನು ಕೊಂದದ್ದು ದನದ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್. ಔಷಧ ಕೊಟ್ಟ ಒಂದೆರಡು ದಿನದಲ್ಲಿ ದನ ಸತ್ತು, ಹದ್ದು ಅದನ್ನು ತಿಂದರೆ ಮೂತ್ರಪಿಂಡ ಕೆಡುತ್ತದೆ. 2004ರಲ್ಲಿ ಪಾಕಿಸ್ತಾನದ ಹದ್ದುಗಳ ಅಧ್ಯಯನ ಇದನ್ನು ತೋರಿಸಿತು. ಭಾರತ 2006ರಲ್ಲಿ ಜಾನುವಾರುಗಳಿಗೆ ಅದನ್ನು ನಿಲ್ಲಿಸಿತು. ಆದರೆ ಮನುಷ್ಯರ ಔಷಧದ ದೊಡ್ಡ ಬಾಟಲಿ ಕೊಟ್ಟಿಗೆ ಸೇರುತ್ತಲೇ ಇತ್ತು, ಅದಕ್ಕೇ 2015ರಲ್ಲಿ 3 ಮಿ.ಲೀ.ಗಿಂತ ದೊಡ್ಡ ಬಾಟಲಿಗೂ ತಡೆ ಬಿತ್ತು. 2023ರಲ್ಲಿ ಜಾನುವಾರುಗಳಿಗೆ ಕೀಟೋಪ್ರೊಫೆನ್, ಅಸೆಕ್ಲೋಫೆನಾಕ್ ಕೂಡ ನಿಷೇಧವಾದವು. ಕೆಚ್ಚಲು ಬಾವು ಬಂದಾಗಲೋ ಕಾಲು ಊದಿದಾಗಲೋ ಡಾಕ್ಟರು ಬಂದರೆ ‘ಮೆಲೋಕ್ಸಿಕ್ಯಾಮ್ ಆಗುತ್ತದೆಯೇ?’ ಎಂದು ಕೇಳಬಹುದು. ದನಕ್ಕೂ ಹಿಡಿಸುವ, ಹದ್ದಿಗೂ ತೊಂದರೆ ಮಾಡದ ನೋವಿನ ಔಷಧ ಅದು. ಮನೆಯಲ್ಲಿ ಉಳಿದ ಮಾತ್ರೆ, ಇಂಜೆಕ್ಷನ್ ದನಕ್ಕೆ ಕೊಡಬೇಡಿ.