ದೊಡ್ಡಪ್ಪನ ‘ಕಲ್ಲಿನ ಆಪರೇಷನ್’

ದಸರಾ ರಜೆಯಲ್ಲಿ ಅಪ್ಪನನ್ನು ಬಿಪಿ ಚೆಕಪ್‌ಗೆ ಕರ್ಕೊಂಡು ಹೋಗಿದ್ದೆ. ಡಾಕ್ಟರು ಫಾರ್ಮ್ ತುಂಬುತ್ತಾ “ಮನೇಲಿ ಯಾರಿಗಾದ್ರೂ ಕ್ಯಾನ್ಸರ್ ಇತ್ತಾ?” ಅಂದರು. ಅಪ್ಪ ಯೋಚನೆಯನ್ನೂ ಮಾಡದೆ “ಇಲ್ಲ ಸಾರ್” ಅಂದುಬಿಟ್ಟರು. ವಾಪಸ್ ಬರುವಾಗ ಬಸ್‌ಸ್ಟ್ಯಾಂಡಿನಲ್ಲಿ ಕಾಫಿ ಕುಡೀತಾ ಮೆಲ್ಲಗೆ ಬಾಯಿಬಿಟ್ಟರು. ಐದು ವರ್ಷದ ಹಿಂದೆ ದೊಡ್ಡಪ್ಪನಿಗೆ ಆಗಿದ್ದು ಕಿಡ್ನಿ ಕಲ್ಲಿನ ಆಪರೇಷನ್ ಅಲ್ಲ, ಪ್ರಾಸ್ಟೇಟ್ ಕ್ಯಾನ್ಸರಿನದು. ಆಗ ಅವರಿಗೆ 57. ಮಗಳಿಗೆ ಗಂಡು ನೋಡುತ್ತಿದ್ದ ಹೊತ್ತು, ಅದಕ್ಕೇ ಊರಿಗೆಲ್ಲ ‘ಕಲ್ಲು’ ಅಂತ ಹೇಳಿ ಮುಗಿಸಿದ್ದರು. ದೊಡ್ಡಪ್ಪ ಈಗ ಆರಾಮಾಗಿದ್ದಾರೆ. ಇದನ್ನು ಬರೀತೀನಿ ಅಂದಾಗ “ಹೆಸರು ಹಾಕಬೇಡ ಕಣೋ” ಅಂದರು, ಅಷ್ಟೇ.

ಅಪ್ಪ ಹೇಳಿದ ಆ ಒಂದು ‘ಇಲ್ಲ’ ಯಾಕೆ ದೊಡ್ಡ ತಪ್ಪು ಅಂತ ಹೇಳೋದಕ್ಕೇ ಈ ಲೇಖನ.

ಪ್ರಾಸ್ಟೇಟ್ ಅಂದರೆ ಗಂಡಸರಲ್ಲಿ ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದು ಕೂತಿರುವ ಅಕ್ರೋಟ್ ಗಾತ್ರದ ಗ್ರಂಥಿ. ವಯಸ್ಸಾದ ಹಾಗೆ ಇದು ದಪ್ಪಗಾಗಿ, ರಾತ್ರಿ ನಾಲ್ಕು ಸಲ ಎದ್ದು ಹೋಗುವ ಹಾಗೆ ಮಾಡುತ್ತದೆ. ಹೆಚ್ಚಿನವರಲ್ಲಿ ಅದು ಕ್ಯಾನ್ಸರ್ ಅಲ್ಲ. ನಿಜವಾದ ಕ್ಯಾನ್ಸರ್ ಶುರುವಿನಲ್ಲಿ ಸಾಮಾನ್ಯವಾಗಿ ಸದ್ದೇ ಮಾಡುವುದಿಲ್ಲ. ಅದರಿಂದಾಗಿಯೇ ಬೆನ್ನು ನೋವು ಬಂದಿದೆ ಅಂದರೆ ಅಷ್ಟೊತ್ತಿಗೆ ಮೂಳೆಗೆ ಹರಡಿರುತ್ತದೆ. ಹಾಗಾಗಿ ಲಕ್ಷಣ ಕಾಣಲಿ ಅಂತ ಕಾಯುವ ಹಾಗಿಲ್ಲ. ಯಾರಿಗೆ ಅಪಾಯ ಹೆಚ್ಚು ಅನ್ನುವುದು ಮೊದಲೇ ಗೊತ್ತಿರಬೇಕು.

ಅದಕ್ಕೆ ದೊಡ್ಡ ಸುಳಿವು ಮನೆಯೊಳಗೇ ಇದೆ. ಅಪ್ಪನಿಗೋ ಅಣ್ಣತಮ್ಮಂದಿರಲ್ಲಿ ಒಬ್ಬರಿಗೋ ಈ ಕ್ಯಾನ್ಸರ್ ಬಂದಿದ್ದರೆ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ. ಎಷ್ಟು ಜನಕ್ಕೆ ಬಂತು, ಯಾವ ವಯಸ್ಸಿಗೆ ಬಂತು, ಎರಡೂ ಲೆಕ್ಕಕ್ಕೆ ಬರುತ್ತವೆ. 82ಕ್ಕೆ ಬಂದ ತಾತನಿಗಿಂತ 57ಕ್ಕೆ ಬಂದ ದೊಡ್ಡಪ್ಪ ಹೆಚ್ಚು ಗಟ್ಟಿಯಾದ ಸುಳಿವು.

ಅಮ್ಮನ ಕಡೆಯನ್ನು ನಾವು ಯಾರೂ ಕೇಳುವುದೇ ಇಲ್ಲ. ಗಂಡಸರ ಕಾಯಿಲೆ, ಅಮ್ಮನಿಂದ ಹೇಗೆ ಬರುತ್ತೆ ಅನ್ನೋ ಲೆಕ್ಕ. ಆದರೆ ಬಿಆರ್‌ಸಿಎ2 ಅನ್ನುವ ಜೀನ್ ಇರುವುದು 13ನೇ ಕ್ರೋಮೋಸೋಮಿನಲ್ಲಿ. ಅದರಲ್ಲಿ ದೋಷವಿದ್ದರೆ ಹೆಂಗಸರಿಗೆ ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್, ಗಂಡಸರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಬರುವ ಸಾಧ್ಯತೆ ಏರುತ್ತದೆ. ಅಮ್ಮನಲ್ಲಿ ಅದಿದ್ದರೆ ಮಗನಿಗೆ ದಾಟುವ ಸಂಭವ ಅರ್ಧಕ್ಕರ್ಧ. ಅಂದರೆ ಚಿಕ್ಕಮ್ಮನಿಗೆ ಚಿಕ್ಕ ವಯಸ್ಸಿನಲ್ಲಿ ಬಂದ ಸ್ತನ ಕ್ಯಾನ್ಸರ್ ಕೂಡ ಡಾಕ್ಟರಿಗೆ ಹೇಳಬೇಕಾದ ವಿಷಯವೇ.

ಹಾಗಾದರೆ ಪರೀಕ್ಷೆ ಯಾವಾಗ? ಅಮೆರಿಕನ್ ಕ್ಯಾನ್ಸರ್ ಸೊಸೈಟಿಯ ಸಲಹೆ ಹೀಗಿದೆ: ಸಾಮಾನ್ಯ ಅಪಾಯದವರು 50ಕ್ಕೆ, ಅಪ್ಪನಿಗೋ ಅಣ್ಣತಮ್ಮನಿಗೋ 65ರ ಒಳಗೆ ಬಂದಿದ್ದರೆ 45ಕ್ಕೆ, ಅಂಥವರು ಒಬ್ಬರಿಗಿಂತ ಹೆಚ್ಚಿದ್ದರೆ 40ಕ್ಕೆ ಡಾಕ್ಟರ ಹತ್ತಿರ ಮಾತು ಶುರುಮಾಡಬೇಕು. ನಮ್ಮ ಅಪ್ಪನಿಗೆ ಈಗ 53. 45ಕ್ಕೆ ಅವರಿಗೆ ಕೇಳಲು ಕಾರಣವೇ ಇರಲಿಲ್ಲ, ಸರಿ. ಆದರೆ ದೊಡ್ಡಪ್ಪನ ಆಪರೇಷನ್ ಆದ ವರ್ಷವೇ ಕೇಳಬಹುದಿತ್ತು. ಆ ‘ಕಲ್ಲು’ ಐದು ವರ್ಷ ತಿಂದುಹಾಕಿತು. ನಮ್ಮ ಸರ್ಕಾರದ ಕ್ಯಾನ್ಸರ್ ತಪಾಸಣೆ ಬಾಯಿ, ಸ್ತನ, ಗರ್ಭಕಂಠಕ್ಕೆ ಇದೆ, ಪ್ರಾಸ್ಟೇಟ್‌ಗೆ ಇಲ್ಲ. ಯಾರೂ ಮನೆಗೆ ಬಂದು ಕರೆಯುವುದಿಲ್ಲ.

‘ಮಾತು ಶುರುಮಾಡಿ’ ಅಂತಾರೆಯೇ ಹೊರತು ‘ಎಲ್ಲರೂ ಟೆಸ್ಟ್ ಮಾಡಿಸಿ’ ಅನ್ನಲ್ಲ. ಅದು ಯಾಕೆ ಅಂತ ಥ್ರೆಶೋಲ್ಡ್, ನಾಯ್ಸ್ ಓದಿದ ನಮಗೆ ಬೇಗ ಅರ್ಥವಾಗಬೇಕು. ಪಿಎಸ್‌ಎ ಅನ್ನುವುದು ಪ್ರಾಸ್ಟೇಟ್ ತಯಾರಿಸುವ ಒಂದು ಪ್ರೋಟೀನ್. ರಕ್ತದಲ್ಲಿ ಅದೆಷ್ಟಿದೆ ಅಂತ ಅಳೆಯುತ್ತಾರೆ. ಮಿಲಿಲೀಟರಿಗೆ 4 ನ್ಯಾನೊಗ್ರಾಂ ಅನ್ನುವುದು ಹಳೇ ಗಡಿ. 4ರಿಂದ 10ರ ನಡುವೆ ಬಂದವರಲ್ಲಿ ಕ್ಯಾನ್ಸರ್ ಸಿಗುವುದು ಸುಮಾರು ನಾಲ್ವರಲ್ಲಿ ಒಬ್ಬರಿಗೆ. ಉಳಿದ ಮೂವರದ್ದು ಸುಳ್ಳು ಗಂಟೆ. ಇನ್ನೊಂದು ಕಡೆ, 2004ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 4ರ ಒಳಗಿದ್ದವರಿಗೂ ಬಯಾಪ್ಸಿ ಮಾಡಿದಾಗ ಶೇ 15ರಷ್ಟು ಜನರಲ್ಲಿ ಕ್ಯಾನ್ಸರ್ ಸಿಕ್ಕಿತು. ಗಡಿ ಕೆಳಗಿಳಿಸಿದರೆ ಸುಳ್ಳು ಗಂಟೆ ಜಾಸ್ತಿ, ಮೇಲೇರಿಸಿದರೆ ನಿಜವಾದದ್ದು ತಪ್ಪಿಹೋಗುತ್ತದೆ. ಮೂತ್ರದ ಸೋಂಕಿದ್ದರೂ ಪಿಎಸ್‌ಎ ಏರುತ್ತದೆ. ಕೂದಲು ಉದುರೋದಕ್ಕೆ ನಮ್ಮ ಹಾಸ್ಟೆಲಿನಲ್ಲೇ ಕೆಲವರು ನುಂಗುವ ಫಿನಾಸ್ಟರೈಡ್ ಅದನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ಮುಂದೆಂದಾದರೂ ಟೆಸ್ಟ್ ಮಾಡಿಸುವಾಗ ಆ ಮಾತ್ರೆ ತಗೊಳ್ತಿದ್ದರೆ ಡಾಕ್ಟರಿಗೆ ಹೇಳಲೇಬೇಕು.

ಇದಕ್ಕಿಂತ ಕಷ್ಟದ ಪ್ರಶ್ನೆ ಇನ್ನೊಂದಿದೆ. ಸಿಕ್ಕ ಕ್ಯಾನ್ಸರುಗಳಲ್ಲಿ ಎಷ್ಟೋ ಎಷ್ಟು ನಿಧಾನವೆಂದರೆ, ಪತ್ತೆಯಾಗದೆ ಇದ್ದಿದ್ದರೂ ಆ ಮನುಷ್ಯನಿಗೆ ತೊಂದರೆ ಕೊಡುತ್ತಿರಲಿಲ್ಲ. ಯುರೋಪಿನ ದೊಡ್ಡ ಪ್ರಯೋಗದ 2014ರ ವರದಿಯ ಪ್ರಕಾರ, 13 ವರ್ಷದಲ್ಲಿ ಒಂದು ಸಾವು ತಪ್ಪಿಸಲು 781 ಜನರನ್ನು ತಪಾಸಣೆಗೆ ಕರೆಯಬೇಕಾಯಿತು, 27 ಜನರಲ್ಲಿ ಹೆಚ್ಚುವರಿಯಾಗಿ ಕ್ಯಾನ್ಸರ್ ಪತ್ತೆಯಾಯಿತು. ಆ 27ರಲ್ಲಿ ಎಲ್ಲರಿಗೂ ಆಪರೇಷನ್ ಮಾಡಿದರೆ ಕೆಲವರಿಗೆ ಮೂತ್ರ ತಡೆಯಲಾಗದ ತೊಂದರೆ, ಲೈಂಗಿಕ ತೊಂದರೆ ಗಂಟುಬೀಳುತ್ತದೆ. ಈಗ ಬಯಾಪ್ಸಿಗೆ ಮೊದಲು ಎಂಆರ್‌ಐ ಮಾಡುವುದು, ಮೆಲ್ಲನೆ ಬೆಳೆಯುವ ಗಡ್ಡೆಯನ್ನು ಕೊಯ್ಯದೆ ನಿಗಾ ಇಡುವುದು ಬಂದಮೇಲೆ ಈ ನಷ್ಟ ತಗ್ಗಿದೆ. ಆದರೂ ಫುಲ್ ಬಾಡಿ ಪ್ಯಾಕೇಜಿನಲ್ಲಿ ಸೇರಿದೆ ಅಂತ 75 ದಾಟಿದ ತಾತನಿಗೆ ಪಿಎಸ್‌ಎ ಮಾಡಿಸುವುದು ನನಗೆ ಸರಿ ಕಾಣುವುದಿಲ್ಲ. ಅದೇ, 57ಕ್ಕೆ ಕ್ಯಾನ್ಸರ್ ಬಂದ ಅಣ್ಣನಿರುವ 53ರ ಅಪ್ಪನ ತಕ್ಕಡಿ ಬೇರೆ ಕಡೆಗೆ ವಾಲುತ್ತದೆ.

ನಮಗೆ ಇಪ್ಪತ್ತು, ಇಪ್ಪತ್ತೊಂದು. ನಮ್ಮ ರಕ್ತ ಕೊಡುವ ಕಾಲ ಇದಲ್ಲ. ಆದರೆ ನಮ್ಮ ಅಪ್ಪಂದಿರು ಸರಿಯಾಗಿ ಆ ವಯಸ್ಸಿನಲ್ಲಿದ್ದಾರೆ. ಈ ಸಲ ಊರಿಗೆ ಹೋದಾಗ ಎರಡೂ ಕಡೆಯವರನ್ನು ಕೇಳಿ: ಯಾರಿಗೆ, ಯಾವ ಕ್ಯಾನ್ಸರ್, ಎಷ್ಟನೇ ವಯಸ್ಸಿಗೆ? “ವಯಸ್ಸಾಗಿತ್ತು, ಹೋದ್ರು” ಅನ್ನುವ ಉತ್ತರ ಬಂದರೆ ಅಜ್ಜಿಯನ್ನು ಕೇಳಿ. ಅಜ್ಜಿಯರಿಗೆ ಎಲ್ಲ ಗೊತ್ತಿರುತ್ತದೆ.

ದೀಪಾವಳಿಗೆ ಹೋದಾಗ ಅಪ್ಪ ತಾವೇ ಆ ಡಾಕ್ಟರ ಹತ್ತಿರ ಬಂದು, ‘ಇಲ್ಲ’ ಅಂತ ಇದ್ದದ್ದನ್ನು ಹೊಡೆಸಿ ‘ಅಣ್ಣ, ಪ್ರಾಸ್ಟೇಟ್, 57’ ಅಂತ ಬರೆಸಿದರು. ಡಾಕ್ಟರು ಲಾಭ ನಷ್ಟ ಎರಡನ್ನೂ ಹೇಳಿದಮೇಲೆ ಟೆಸ್ಟಿಗೆ ಒಪ್ಪಿದರು. 1.3 ಬಂತು. ಎರಡು ವರ್ಷ ಬಿಟ್ಟು ಮತ್ತೆ ನೋಡೋಣ ಅಂದಿದ್ದಾರೆ.