‘ಮುಂಬಯಿ’ಯಲ್ಲಿ ಅಕ್ಷರ ಎಷ್ಟು? ಊಹಿಸಿ ನೋಡೋಣ!

ಒಂದು ಪುಟ್ಟ ಲೆಕ್ಕ. ‘ಮುಂಬಯಿ’ ಎಂಬ ಪದದಲ್ಲಿ ಎಷ್ಟು ಅಕ್ಷರ? ಮೂರು ಅಂದಿರಾ? ಸರಿ, ಒಂದನೇ ಕ್ಲಾಸಿನ ಮಗುವೂ ಅದನ್ನೇ ಹೇಳುತ್ತದೆ.

ಈಗ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ತೆರೆಯಿರಿ. ಇದೇ ಪದದ ಉದ್ದ ಕೇಳಿ. ಉತ್ತರ ಎಷ್ಟಿರಬಹುದು? 6!

ತಾಳಿ, ಇನ್ನೂ ಇದೆ. ‘ಸ್ತ್ರೀ’ ಎಂದು ಟೈಪ್ ಮಾಡಿ. ಕಣ್ಣಿಗೆ ಕಾಣುವುದು ಒಂದೇ ಒಂದು ಅಕ್ಷರ. ಕಂಪ್ಯೂಟರ್ ಲೆಕ್ಕದಲ್ಲಿ? ಅದೂ 6! ಮೂರಕ್ಷರದ ಮಹಾನಗರಿಗೂ ಆರು, ಒಂದಕ್ಷರದ ಸ್ತ್ರೀಗೂ ಆರು!

ಬಿಡಿಸಿ ನೋಡಿ. ಸ. ಅದರ ಸ್ವರ ಕಳೆಯುವ ಗುರುತು. ತ. ಮತ್ತೆ ಅದೇ ಗುರುತು. ರ. ಕೊನೆಗೊಂದು ‘ಈ’ ಸ್ವರದ ಚಿಹ್ನೆ. ಆರಾಯಿತಲ್ಲ! ಕಂಪ್ಯೂಟರಿನಲ್ಲಿ ಲಿಪಿಗಳನ್ನು ಗುರುತಿಸುವ ಯೂನಿಕೋಡ್ ವ್ಯವಸ್ಥೆ ಇವನ್ನು ಹೀಗೆ ಬಿಡಿಬಿಡಿಯಾಗಿಯೇ ಇಟ್ಟುಕೊಳ್ಳುತ್ತದೆ.

ಹಾಗಾದರೆ ಆರನ್ನೂ ಒಂದಾಗಿ ಹೆಣೆಯುವವರು ಯಾರು? ಹಾರ್ಫ್‌ಬಝ್! ಇದು ಓಪನ್ ಸೋರ್ಸ್ ತಂತ್ರಾಂಶ. ಲಿಬ್ರೆಆಫೀಸ್ ಎಂಬ ಆಫೀಸ್ ತಂತ್ರಾಂಶದಲ್ಲಿದೆ, ಫೈರ್‌ಫಾಕ್ಸ್‌ನಲ್ಲಿದೆ, ಕ್ರೋಮ್‌ನಲ್ಲಿದೆ, ಆಂಡ್ರಾಯ್ಡ್ ಫೋನಿನಲ್ಲೂ ಇದೆ. ಲೋಕಲ್ ಟ್ರೇನಿನಲ್ಲಿ ನಿಂತು ನೀವು ಓದುವ ಕನ್ನಡ ಮೆಸೇಜಿನ ಒತ್ತಕ್ಷರಗಳನ್ನು ಜೋಡಿಸುತ್ತಿರುವುದು ಇದೇ ಇರಬಹುದು!

ಈಗ ನಿಜವಾದ ಮಜಾ. ಎಐ ಕೋಡಿಂಗ್ ಅಸಿಸ್ಟೆಂಟಿಗೆ ಹೇಳಿದೆ: ಲಿಬ್ರೆಆಫೀಸ್ ರೈಟರಿನಲ್ಲಿ ಅಕ್ಷರ ಎಣಿಸುವ ಮ್ಯಾಕ್ರೊ, ಅಂದರೆ ಪುಟ್ಟ ಪ್ರೋಗ್ರಾಂ, ಬೇಕು. ಕೆಲವೇ ಕ್ಷಣ, ಕೋಡ್ ಸಿದ್ಧ! ಓಡಿಸಿದೆ. ‘ಸ್ತ್ರೀ’ಗೆ ಉತ್ತರ ಮತ್ತದೇ 6!

ಆಗ ಅಚ್ಚ ಕನ್ನಡದಲ್ಲೇ ಬರೆದೆ: “ಗುಣಿತದ ಚಿಹ್ನೆ ಎಣಿಸಬೇಡ. ಸ್ವರ ಕಳೆಯುವ ಗುರುತು, ಸೊನ್ನೆ ಎಣಿಸಬೇಡ. ಒತ್ತಾಗಿ ಬಂದ ವ್ಯಂಜನವನ್ನೂ ಎಣಿಸಬೇಡ.” ಕನ್ನಡ ಓದಿತು, ಪೈಥಾನ್ ಬರೆಯಿತು! ‘ಸ್ತ್ರೀ’ಗೆ 1. ‘ಮುಂಬಯಿ’ಗೆ 3. ಶಾಲೆಯಲ್ಲಿ ಕಲಿತ ಕಾಗುಣಿತವೇ ಪ್ರೋಗ್ರಾಂ ಆಗಿಬಿಟ್ಟಿತು!

ಪೈಥಾನ್ ಗೊತ್ತಿಲ್ಲವೇ? ಮೇಷ್ಟ್ರು ಇಲ್ಲೇ ಮುಂಬಯಿಯ ಪೊವಾಯಿಯಲ್ಲಿದ್ದಾರೆ! ಐಐಟಿ ಬಾಂಬೆಯ ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆ ಲಿನಕ್ಸ್, ಲಿಬ್ರೆಆಫೀಸ್, ಪೈಥಾನ್ ಎಲ್ಲಕ್ಕೂ ಪಾಠ ಮಾಡಿಟ್ಟಿದೆ. ಒಂದೊಂದು ಪಾಠ ಸುಮಾರು 10 ನಿಮಿಷ. ಎಷ್ಟು ಭಾರತೀಯ ಭಾಷೆಗಳಲ್ಲಿ ಗೊತ್ತೇ? 22! ಅದರಲ್ಲಿ ಕನ್ನಡವೂ ಇದೆ!

ಕಲಿಸುವ ಕ್ರಮವಂತೂ ಇನ್ನೂ ಸೊಗಸು. ಪರದೆಯ ಅರ್ಧದಲ್ಲಿ ಪಾಠ, ಇನ್ನರ್ಧದಲ್ಲಿ ನಿಮ್ಮದೇ ತಂತ್ರಾಂಶ. ಅಲ್ಲಿ ಕ್ಲಿಕ್ ಮಾಡಿದ್ದನ್ನು ಇಲ್ಲಿ ನೀವೂ ಮಾಡಬೇಕು. ಧ್ವನಿ ಕನ್ನಡ, ಪರದೆಯ ಮೇಲಿನ ಮೆನು ಇಂಗ್ಲಿಷ್. ಹಾಗಾಗಿ ನಾಳೆ ಆಫೀಸಿನಲ್ಲೂ ತಡವರಿಸಬೇಕಿಲ್ಲ.

ಬೆಲೆ? ಪಾಠಕ್ಕೆ 0 ರೂಪಾಯಿ. ಲಿಬ್ರೆಆಫೀಸಿಗೂ 0 ರೂಪಾಯಿ!

ಮಾಟುಂಗಾ, ಡೊಂಬಿವಲಿ, ಮೀರಾ ರೋಡಿನ ಕನ್ನಡಿಗರೇ, ಕೋಡ್ ಬರೆಯಲು ಎಐ ಸಾಕು. ಆದರೆ ಅದು ಕನ್ನಡಕ್ಕೆ ಒಪ್ಪುತ್ತದೋ ಇಲ್ಲವೋ ಎಂದು ಹೇಳಲು ಕನ್ನಡ ಬಲ್ಲ ನೀವೇ ಬೇಕು. ಈ ಭಾನುವಾರವೇ ಲಿಬ್ರೆಆಫೀಸ್ ಹಾಕಿಕೊಳ್ಳಿ, ಪೊವಾಯಿಯ ಒಂದು ಪಾಠ ಕೇಳಿ, ಶುರುಮಾಡಿ!