ಐವತ್ತೊಂದರಲ್ಲಿ ಹೊಸ್ತಿಲು ದಾಟಿದವಳು

‘ವಯಸ್ಸಾಯ್ತಲ್ಲ, ಇನ್ನೆಷ್ಟು ದಿನ ಓದ್ತೀಯ?’ ಇಪ್ಪತ್ತೈದು ದಾಟಿದ ಹುಡುಗಿಯರಿಗೆ ಈ ಪ್ರಶ್ನೆ ಹೊಸದಲ್ಲ. ಅದನ್ನು ಕೇಳಿದಾಗಲೆಲ್ಲ ನನಗೆ ಚೀನಾದ ಸುನ್ ಬುಅರ್ ನೆನಪಾಗುತ್ತಾಳೆ.

1119ರಲ್ಲಿ ಶಾನ್‌ಡಾಂಗ್ ಪ್ರಾಂತ್ಯದಲ್ಲಿ ಹುಟ್ಟಿದ ಈಕೆ ಸ್ಥಿತಿವಂತರ ಮನೆಯ ಗೃಹಿಣಿ, ಮೂವರು ಗಂಡುಮಕ್ಕಳ ತಾಯಿ. ದಾವೊ ಪಂಥದ ಗುರು ವಾಂಗ್ ಚೊಂಗ್‌ಯಾಂಗ್ ಊರಿಗೆ ಬಂದಾಗ ಮೊದಲು ಗಂಡ ಮಾ ಯು ಶಿಷ್ಯನಾದ. 1169ರಲ್ಲಿ ಈಕೆಯೂ ಮನೆ ಬಿಟ್ಟಳು. ಆಗ ವಯಸ್ಸು 51. ಗುರುವಿನ ಏಳು ಪ್ರಮುಖ ಶಿಷ್ಯರಲ್ಲಿ ಹೆಣ್ಣು ಈಕೆಯೊಬ್ಬಳೇ. ‘ಬುಅರ್’ ಎಂದರೆ ‘ಎರಡಿಲ್ಲ’ ಎಂದರ್ಥ.

ಹಿಂದಿನ ರಸವಾದಿಗಳು ಸಾವನ್ನು ಗೆಲ್ಲಲು ಪಾದರಸ, ಸೀಸ ಕಾಯಿಸಿ ಮದ್ದು ಮಾಡುತ್ತಿದ್ದರು. ಅದನ್ನು ಕುಡಿದು ಸತ್ತವರೂ ಇದ್ದರು. ಆಮೇಲೆ ಬೆಳೆದ ‘ಒಳ ರಸವಾದ’ದಲ್ಲಿ ದೇಹವೇ ಕುಲುಮೆ, ಉಸಿರೇ ಬೆಂಕಿ. ದೇಹದ ಸಾರ, ಪ್ರಾಣಶಕ್ತಿ, ಚೈತನ್ಯ ಈ ಮೂರನ್ನೂ ಧ್ಯಾನದಲ್ಲಿ ಹದಗೊಳಿಸುವುದೇ ಸಾಧನೆ.

ಸುನ್ ಬುಅರ್ ಹೆಸರಿನಲ್ಲಿ ಹೆಣ್ಣಿನ ಸಾಧನೆಯ ಹದಿನಾಲ್ಕು ಕವಿತೆಗಳಿವೆ. ಅವು ಆಕೆಯ ಕಾಲದ ನಂತರದವು ಎಂಬುದು ವಿದ್ವಾಂಸರ ಅನುಮಾನ. ಆದರೂ ಇಪ್ಪತ್ತನೇ ಶತಮಾನದಲ್ಲಿ ಚೆನ್ ಯಿಂಗ್‌ನಿಂಗ್ ಅವಕ್ಕೆ ವ್ಯಾಖ್ಯಾನ ಬರೆದು ಹೆಣ್ಣುಮಕ್ಕಳ ಕೈಗಿತ್ತರು. ಈ ಪರಂಪರೆ ಹೇಳುವುದಿಷ್ಟು: ಗಂಡಿನ ಸಾಧನೆ ಹೊಟ್ಟೆಯ ಕೆಳಭಾಗದಿಂದ ಶುರುವಾದರೆ, ಹೆಣ್ಣಿನದು ಎದೆಯಿಂದ. ಅಂದರೆ ಗಂಡಿಗೆ ಬರೆದ ಪಾಠವನ್ನೇ ಆಕೆ ಒಪ್ಪಿಸಬೇಕಿಲ್ಲ, ಅವಳ ದೇಹಕ್ಕೆ ಅದರದೇ ದಾರಿಯಿದೆ.

ನನಗೆ ಇದು ಇಷ್ಟವಾಯಿತು. ಆದರೆ ಅದೇ ಪರಂಪರೆಯಲ್ಲಿ ‘ಕೆಂಪು ಡ್ರ್ಯಾಗನ್‌ನ ತಲೆ ಕಡಿಯುವುದು’ ಎಂಬ ಹಂತವೂ ಇದೆ. ಧ್ಯಾನದಿಂದ ಮುಟ್ಟನ್ನೇ ನಿಲ್ಲಿಸುವುದು ಎಂದು ಇದರರ್ಥ. ರಕ್ತವನ್ನು ಇಲ್ಲಿ ಮೈಲಿಗೆಗಿಂತ ಹೆಚ್ಚಾಗಿ ಶಕ್ತಿಯೆಂದೇ ಕಾಣುತ್ತಾರೆ, ನಿಜ. ಆದರೂ ಮುಕ್ತಿಗಾಗಿ ಹೆಣ್ಣು ತನ್ನ ಹೆಣ್ತನವನ್ನು ಕಳೆದುಕೊಳ್ಳಲೇಬೇಕೆ?

ಸುನ್ ಬುಅರ್ ಬಗ್ಗೆ ನಂತರ ಹುಟ್ಟಿದ ಕಥೆಯೊಂದು ಈ ಪ್ರಶ್ನೆಯನ್ನು ಇನ್ನಷ್ಟು ಚುರುಕಾಗಿಸುತ್ತದೆ. ದೂರದ ಲುವೊಯಾಂಗ್‌ಗೆ ಒಂಟಿಯಾಗಿ ಹೋಗಲು, ಗಂಡಸರ ಕಣ್ಣು ತಪ್ಪಿಸಲು, ಆಕೆ ಮುಖವನ್ನು ಕುದಿಯುವ ಎಣ್ಣೆಯಿಂದ ಸುಟ್ಟುಕೊಂಡಳಂತೆ. ಭಕ್ತರು ಇದನ್ನು ವೈರಾಗ್ಯ ಎನ್ನುತ್ತಾರೆ. ಕೋಚಿಂಗ್‌ಗೆಂದು ರಾತ್ರಿ ಬಸ್ ಹತ್ತುವ ನಮಗೆ ಇದು ದಾರಿಯ ಕಥೆಯಾಗಿಯೂ ಕೇಳಿಸುತ್ತದೆ. ಆಕೆಯ ಸಾಧನೆಗೆ ಕೈಮುಗಿಯೋಣ. ಆದರೆ ಸುಡಬೇಕಾದದ್ದು ಆಕೆಯ ಮುಖವಾಗಿರಲಿಲ್ಲ.